ಹೆದರಿಕೆಯ ಬಾಬ್ತು

ಕಿರಾಣಿ ಅಂಗಡಿಗೆ ಚೀಟಿ ಬರೆಯುವವರು ನಾವು, ಸಾಮಾನು ಕಟ್ಟುವವರು ಅವರು. ದೋಷ ಪರಿಹಾರದಲ್ಲಿ ಎರಡೂ ಜೋಯಿಸರದೇ.

*

ಮದುವೆ ತಡವಾದರೆ ಕುಜ, ಮಕ್ಕಳಾಗದಿದ್ದರೆ ನಾಗ, ವ್ಯಾಪಾರ ಕುಸಿದರೆ ಶನಿ. ಬೀಗರು ಕೇಳಿದ ವರದಕ್ಷಿಣೆ, ಗಂಡಸು ಮಾಡಿಸಿಕೊಳ್ಳಲು ಒಪ್ಪದ ತಪಾಸಣೆ, ಫೈನಾನ್ಸ್‌ನವರ ಬಡ್ಡಿ ಯಾವ ಕುಂಡಲಿಯಲ್ಲೂ ಕಾಣಿಸುವುದಿಲ್ಲ.

*

ಒಡವೆ ಒತ್ತೆಯಿಟ್ಟು ಮಾಡಿಸಿದ ಹೋಮದ ಹೊಗೆ ಮಧ್ಯಾಹ್ನಕ್ಕೇ ಆರುತ್ತದೆ. ಕಂತು ಮುಂದಿನ ಯುಗಾದಿಗೂ ಬರುತ್ತದೆ.

*

ಹಾವು ಹಾಲು ಕುಡಿಯುವ ಪ್ರಾಣಿಯಲ್ಲ. ನೀರಿಲ್ಲದೆ ಒಣಗಿಸಿಟ್ಟರೆ ಯಾವ ಬಟ್ಟಲಿಗಾದರೂ ಬಾಯಿ ಹಾಕುತ್ತದೆ, ಅಷ್ಟೆ. ಹುತ್ತವಂತೂ ಗೆದ್ದಲು ಕಟ್ಟಿದ್ದು. ನಮ್ಮಲ್ಲಿ ಕೆಲವರು ನಾಗರಪಂಚಮಿಯನ್ನು ಬಸವ ಪಂಚಮಿ ಎಂದು ಆಚರಿಸಿ ಆ ಹಾಲನ್ನು ಮಕ್ಕಳಿಗೆ ಕೊಡುತ್ತಾರೆ. ಈವರೆಗೆ ಯಾವ ಹುತ್ತವೂ ದೂರು ಕೊಟ್ಟಿಲ್ಲ.

*

1980ರ ಫೆಬ್ರುವರಿ 16ರಂದು ಪೂರ್ಣ ಸೂರ್ಯಗ್ರಹಣದ ನೆರಳು ಉತ್ತರ ಕರ್ನಾಟಕದ ಮೇಲೆ ಹಾದುಹೋಯಿತು. ಜೀವಮಾನದಲ್ಲಿ ಮತ್ತೆ ಸಿಗದ ನೋಟ. ಕಣ್ಣಿಗೆ ತಕ್ಕ ಕನ್ನಡಕ ಬೇಕಿತ್ತು. ಜನ ಬಾಗಿಲಿಗೆ ಚಿಲಕ ಹಾಕಿಕೊಂಡರು.

ಹೋಗಲಿ, ಅದು ಹಳೆಯ ಕಾಲ ಎನ್ನೋಣ. 2019ರ ಡಿಸೆಂಬರ್ 26ರ ಗ್ರಹಣದಂದು ಕಲಬುರಗಿ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವೈಕಲ್ಯವಿದ್ದ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದ್ದರು, ವಾಸಿಯಾಗುತ್ತದೆಂದು. ಆ ಮಕ್ಕಳ ಅಳು ಟಿವಿಯಲ್ಲಿ ಕೇಳಿಸಿತು. ಹೆತ್ತವರನ್ನು ಬೈಯುವುದು ಸುಲಭ. ಕೈಕಾಲಿಗೆ ವ್ಯಾಯಾಮ ಮಾಡಿಸುವ ತಜ್ಞರನ್ನು ಹುಡುಕಿಕೊಂಡು ಹಳ್ಳಿಯವರು ಊರೂರು ಅಲೆಯಬೇಕು. ಗ್ರಹಣ ತಾನಾಗಿಯೇ ಮನೆಬಾಗಿಲಿಗೆ ಬರುತ್ತದೆ. ನನ್ನ ಸಿಟ್ಟು ಅವರ ಮೇಲಲ್ಲ. ತಮ್ಮ ಮಕ್ಕಳನ್ನು ಒಳ್ಳೆಯ ಆಸ್ಪತ್ರೆಗೆ ತೋರಿಸಿ, ಊರಿನ ಮಕ್ಕಳಿಗೆ ರಾಶಿಫಲ ಓದಿ ಹೇಳುವ ಸ್ಟುಡಿಯೋದವರ ಮೇಲೆ.

*

ಗ್ರಹಣವೆಂದರೆ ಚಂದ್ರನ ನೆರಳು ಎಂದು ಬರೆದರೆ ಶಾಲೆಯಲ್ಲಿ ಅಂಕ. ರಾಹು ಎಂದರೆ ಮನೆಯಲ್ಲಿ ಊಟ. ಉಪ್ಪಿನಕಾಯಿ ಭರಣಿಯ ಮೇಲೆ ದರ್ಭೆ ಇಡುವ ಅಮ್ಮನೇ ಸಂಜೆ ವಿಜ್ಞಾನದ ಹೋಂವರ್ಕ್ ಮಾಡಿಸುತ್ತಾಳೆ. ಎರಡೂ ಕಡೆ ತಲೆಯಾಡಿಸುವುದನ್ನು ಮಗು ಕಲಿಯುತ್ತದೆ. ಇದಕ್ಕೆ ನಾವಿಟ್ಟ ಹೆಸರು ಸಂಸ್ಕಾರ.

*

ಉಡಾವಣೆಗೆ ಮುನ್ನ ರಾಕೆಟ್ಟಿನ ಮಾದರಿಯನ್ನು ತಿರುಪತಿಗೆ ಒಯ್ಯುತ್ತಾರೆ. ಇಂಧನದ ಜಾಗಕ್ಕೆ ಮಾತ್ರ ಯಾರೂ ತೀರ್ಥ ತುಂಬುವುದಿಲ್ಲ.

*

ಕುರ್ಚಿ ಹೋಗುತ್ತದೆಂದು ಮುಖ್ಯಮಂತ್ರಿಗಳು ಚಾಮರಾಜನಗರಕ್ಕೆ ಕಾಲಿಡದ ಕಾಲವಿತ್ತು. ಸಿದ್ದರಾಮಯ್ಯ ಮತ್ತೆ ಮತ್ತೆ ಹೋಗಿಬಂದೇ 2013ರಿಂದ 2018ರವರೆಗೆ ಅವಧಿ ಪೂರೈಸಿದರು. ದೊಡ್ಡವರ ಮೂಢನಂಬಿಕೆಗೆ ದಕ್ಷಿಣೆ ತೆರುವುದು ಅವರ ಜೇಬಲ್ಲ, ಒಂದಿಡೀ ಜಿಲ್ಲೆ.

*

ಮೌಢ್ಯ ವಿರೋಧಿ ಕಾಯ್ದೆ 2017ರಲ್ಲಿ ಬಂತು, 2020ರಲ್ಲಿ ಜಾರಿಯಾಯಿತು. ವಾಸಿ ಮಾಡುವ ನೆಪದಲ್ಲಿ ಮಗುವನ್ನು ಮುಳ್ಳಿನ ಮೇಲೆ ಎಸೆದರೆ ಅಪರಾಧ. ಜ್ಯೋತಿಷ್ಯ, ವಾಸ್ತು ಸಲಹೆಗಳಿಗೆ ವಿನಾಯಿತಿ. ಮಗುವಿನ ಮೈ ಕಾನೂನಿನೊಳಗೆ ಬಂತು, ಜಾತಕ ಹೊರಗೇ ಉಳಿಯಿತು.

*

ಕುವೆಂಪು 1966ರಲ್ಲಿ ಮಗ ತೇಜಸ್ವಿಯ ಮದುವೆಯನ್ನು ಮಂತ್ರಮಾಂಗಲ್ಯದ ಸರಳ ವಿಧಾನದಲ್ಲಿ ಮುಗಿಸಿದರು. ಅವರ ಹೆಸರಿನ ರಸ್ತೆಗಳಲ್ಲಿ ಈಗ ಛತ್ರ ಬುಕ್ ಮಾಡಲು ವರ್ಷ ಮೊದಲೇ ಮುಂಗಡ ಕೊಡಬೇಕು.

*

‘ಯಾಕೆ?’ ಎಂದ ಮಗುವಿಗೆ ‘ನನಗೂ ಗೊತ್ತಿಲ್ಲ ಪುಟ್ಟ’ ಎನ್ನಲು ನಾಚಿಕೆ. ‘ಕಣ್ಣು ಹೋಗುತ್ತೆ’ ಎನ್ನಲು ಇಲ್ಲ.

*

ವಾಹನಕ್ಕೆ ದೃಷ್ಟಿ ತಾಗದಿರಲೆಂದು ಆಯುಧಪೂಜೆಯ ದಿನ ನಡುರಸ್ತೆಯಲ್ಲಿ ಬೂದುಗುಂಬಳ ಒಡೆಯುತ್ತೇವೆ. ಅದರ ಮೇಲೆ ಜಾರಿ ಬೀಳುವ ಬೈಕಿನವನೂ ಹ್ಯಾಂಡಲ್ಲಿಗೆ ಹಾರ ಹಾಕಿಕೊಂಡೇ ಬಂದಿರುತ್ತಾನೆ. ‘ಪಕ್ಕಕ್ಕೆ ಎತ್ತಿ ಹಾಕಲಾ ಅಪ್ಪ?’ ಎಂದು ಹುಡುಗಿ ಕೇಳಿದರೆ ಅಪ್ಪ ಕೈ ಹಿಡಿದೆಳೆಯುತ್ತಾನೆ: ‘ಮುಟ್ಟಬೇಡ, ದೃಷ್ಟಿ ತೆಗೆದದ್ದು ಅದು.’