ಹಣೆಬರಹವೋ, ಕೈತಪ್ಪೋ?

ಆಸ್ಪತ್ರೆಯಿಂದ ಶವ ಮನೆಗೆ ಬಂದಾಗ ನಾವು ಆಡುವ ಮೊದಲ ಮಾತು, ‘ಆಯುಷ್ಯ ಅಷ್ಟೇ ಇತ್ತು.’ ನೊಂದವರಿಗೆ ಇದು ದೊಡ್ಡ ಸಮಾಧಾನ. ಆದರೆ ಕೆಲವೊಮ್ಮೆ ತಪ್ಪು ಮಾಡಿದವರಿಗೂ ಇದೇ ಮಾತು ಆಸರೆಯಾಗಿಬಿಡುತ್ತದೆ. ಪಕ್ಕದ ಹಾಸಿಗೆಯವರಿಗೆ ಬರೆದಿದ್ದ ಇಂಜೆಕ್ಷನ್ ಇವರಿಗೆ ಚುಚ್ಚಿದ್ದರೆ? ಚೀಟಿಯ ಅಕ್ಷರ ತಿಳಿಯದೆ ಬೇರೆ ಮಾತ್ರೆ ಕೊಟ್ಟಿದ್ದರೆ? ಅದನ್ನೂ ತಕ್ದೀರ್ ಎಂದು ನುಂಗಿಕೊಳ್ಳಬೇಕೆ?

1998ರಲ್ಲಿ ಅಮೆರಿಕದಿಂದ ಕೋಲ್ಕತ್ತಾಕ್ಕೆ ಬಂದಿದ್ದ ಅನುರಾಧಾ ಸಾಹಾ ಅವರಿಗೆ ಮೈಮೇಲೆ ಗುಳ್ಳೆಗಳೆದ್ದವು. ವಾರಗಳ ಅಂತರದಲ್ಲಿ ಕೊಡಬೇಕಾದ ಸ್ಟೆರಾಯಿಡ್ ಇಂಜೆಕ್ಷನ್ನನ್ನು ದಿನಕ್ಕೆರಡು ಬಾರಿಯಂತೆ ಬರೆಯಲಾಯಿತು. ಆಕೆ ಬದುಕಲಿಲ್ಲ. ಸ್ವತಃ ವೈದ್ಯರಾದ ಪತಿ ಕುನಾಲ್ ಸಾಹಾ ನ್ಯಾಯಾಲಯದ ಮೆಟ್ಟಿಲೇರಿದರು. 2009ರಲ್ಲಿ ಸುಪ್ರೀಂ ಕೋರ್ಟು ಕ್ರಿಮಿನಲ್ ಆರೋಪವನ್ನು ಒಪ್ಪಲಿಲ್ಲ. ಆದರೆ ಚಿಕಿತ್ಸೆಯಲ್ಲಿ ನಿರ್ಲಕ್ಷ್ಯ ನಡೆದಿದೆ ಎಂದಿತು. 2013ರಲ್ಲಿ ಸುಮಾರು 6 ಕೋಟಿ ರೂಪಾಯಿ ಪರಿಹಾರ ವಿಧಿಸಿತು. ಅಷ್ಟರಲ್ಲಿ 15 ವರ್ಷ ಕಳೆದಿತ್ತು. ವೈದ್ಯರಿಗೇ ಇಷ್ಟು ಕಾಲ ಹಿಡಿದರೆ, ಮಾತ್ರೆಯ ಹೆಸರು ಓದಲು ಬಾರದ ನಮ್ಮ ತಾಯಂದಿರ ಪಾಡೇನು?

ದಾರಿಗಳು ಇಲ್ಲವೆಂದಲ್ಲ. ಹಣ ಪಡೆದು ನೀಡುವ ಚಿಕಿತ್ಸೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ. 2019ರ ಕಾಯ್ದೆಯಂತೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಚಿಕಿತ್ಸೆಗೆ ಕೊಟ್ಟ ಹಣ 5 ಲಕ್ಷ ಮೀರದಿದ್ದರೆ ಶುಲ್ಕವಿಲ್ಲ, ವಕೀಲರಿಲ್ಲದೆಯೂ ವಾದಿಸಬಹುದು. ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆ ಈ ಕಾನೂನಿಗೆ ಹೊರಗು. ಅಲ್ಲಿ ನೊಂದವರಿಗೆ ಸಿವಿಲ್ ನ್ಯಾಯಾಲಯವಿದೆ. ವೈದ್ಯರ ನಡತೆಯ ಬಗ್ಗೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರಬಹುದು. ಕ್ರಿಮಿನಲ್ ಮೊಕದ್ದಮೆಗೆ ಮಾತ್ರ ಘೋರ ನಿರ್ಲಕ್ಷ್ಯವೇ ಇರಬೇಕೆಂದು 2005ರ ತೀರ್ಪು ಹೇಳುತ್ತದೆ. ಇವೆಲ್ಲಕ್ಕೂ ಬೇಕಾದದ್ದು ಚಿಕಿತ್ಸೆಯ ದಾಖಲೆ. ಕೇಳಿದ 72 ಗಂಟೆಯೊಳಗೆ ಅದನ್ನು ಕೊಡಬೇಕೆಂಬುದು ನಿಯಮ.

ಆದರೂ ನಾವು ಕೇಳುವುದಿಲ್ಲ. ‘ಸತ್ತವರ ಹೆಸರಲ್ಲಿ ದುಡ್ಡು ಮಾಡುತ್ತಾರೆ’ ಎಂಬ ಮಾತಿಗೆ ಅಂಜುತ್ತೇವೆ. ಇಲ್ಲವೇ ಸಿಟ್ಟಿನಲ್ಲಿ ಆಸ್ಪತ್ರೆಯ ಗಾಜು ಒಡೆಯುತ್ತೇವೆ. ಎರಡರಿಂದಲೂ ಸತ್ಯ ಹೊರಬರುವುದಿಲ್ಲ. ಎಲ್ಲ ಸಾವೂ ನಿರ್ಲಕ್ಷ್ಯದ ಸಾವಲ್ಲ. ವೈದ್ಯರೂ ಮನುಷ್ಯರೇ, ರಾತ್ರಿಯಿಡೀ ಹತ್ತಾರು ರೋಗಿಗಳನ್ನು ನೋಡುವ ನರ್ಸಿನ ಕಣ್ಣೂ ಸೋಲುತ್ತದೆ. ಅವರನ್ನು ಕ್ಷಮಿಸುವುದು ದೊಡ್ಡ ಗುಣವೇ ಸರಿ. ಆದರೆ ನಡೆದದ್ದೇನೆಂದು ಯಾರೂ ಹೇಳದಿದ್ದರೆ, ಯಾರನ್ನು, ಯಾವುದಕ್ಕಾಗಿ ಕ್ಷಮಿಸುವುದು? ತಿಳಿಯದೆ ಬಿಟ್ಟದ್ದು ಕ್ಷಮೆಯಲ್ಲ, ಬರೀ ಅಸಹಾಯಕತೆ. ಮುಚ್ಚಿಟ್ಟ ತಪ್ಪು ನಾಳೆ ಅದೇ ವಾರ್ಡಿನಲ್ಲಿ ಇನ್ನೊಬ್ಬರ ಮೇಲೆ ಎರಗುತ್ತದೆ.

ಸಾವು ದೇವನ ಕೈಯಲ್ಲಿದೆ ಎಂಬ ನಮ್ಮ ನಂಬಿಕೆ ಗಟ್ಟಿಯಾಗಿರಲಿ. ಆದರೆ ಔಷಧದ ಚೀಟಿ ಬರೆದದ್ದು ಮನುಷ್ಯನ ಕೈ. ಅದರ ಲೆಕ್ಕ ಕೇಳಿದರೆ ನಂಬಿಕೆಗೆ ಕುಂದಿಲ್ಲ. ಇನ್ನು ಮುಂದೆ ಸಾವಿನ ಮನೆಗೆ ಹೋದಾಗ ಸಮಾಧಾನ ಹೇಳೋಣ. ಹೊರಡುವ ಮುನ್ನ, ಮೆಲ್ಲನೆ, ಇದನ್ನೂ ಕೇಳೋಣ: ‘ಆಸ್ಪತ್ರೆಯ ಚೀಟಿಗಳನ್ನು ಎತ್ತಿಟ್ಟಿದ್ದೀರಲ್ಲ?’