ಅಲ್ಪ ದಲಾಲಿಯೂ ಆತ್ಮಸಂಯಮವೂ

ಶುಲ್ಕವು ಅಲ್ಪವಾದ ಮಾತ್ರದಿಂದ ವ್ಯವಹಾರವು ಹಿತವಾಗುವುದೇ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಕುರ್ಡಿಯ ರೈತನು ರಾಯಚೂರಿನ ಅಡತಿ ಅಂಗಡಿಗೆ ಹತ್ತಿಯನ್ನೊಯ್ದರೆ, ಮಾಲು ತೀರಿದೊಡನೆ ವ್ಯಾಪಾರವೂ ತೀರುವುದು. ಷೇರುಪೇಟೆಯ ವ್ಯಾಪಾರಕ್ಕಾದರೋ ಅಂತಹ ಮಿತಿಯಿಲ್ಲ. ಅದರ ದಲಾಲನು ಈಗ ಅಂಗೈಯ ಮೊಬೈಲಿನಲ್ಲಿಯೇ ಇರುವನು.

2010ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಝೆರೋಧಾ ಸಂಸ್ಥೆಯು, ಮೊತ್ತವೆಷ್ಟೇ ಇರಲಿ, ಆಪ್ಷನ್ನಿನ ಪ್ರತಿ ಆರ್ಡರಿಗೆ 20 ರೂಪಾಯಿಯ ದಲಾಲಿಯನ್ನು ರೂಢಿಗೆ ತಂದಿತು. ಷೇರುಗಳನ್ನು ಕೊಂಡಿಟ್ಟುಕೊಳ್ಳುವವರಿಗೆ 2015ರಲ್ಲಿ ಅದನ್ನೂ ಬಿಟ್ಟಿತು. ಮಿತವ್ಯಯಿಗೆ ಇದು ಉಪಕಾರವೇ ಸರಿ. ಆದರೆ ದಿನಕ್ಕೆ 20 ಆರ್ಡರು ಹಾಕುವವನಿಗೆ ಆ 20 ರೂಪಾಯಿಯೇ 400 ಆಗುವುದು, ತೆರಿಗೆಗಳು ಬೇರೆ.

ಸೆಬಿಯು 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಮೂರು ಆರ್ಥಿಕ ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯವಹಾರಕ್ಕಿಳಿದ ಬಿಡಿ ವ್ಯಕ್ತಿಗಳಲ್ಲಿ 100ಕ್ಕೆ 93 ಮಂದಿ ನಷ್ಟಪಟ್ಟರು. ತಲೆಗೆ ಸರಾಸರಿ ನಷ್ಟವು ಸುಮಾರು 2 ಲಕ್ಷ ರೂಪಾಯಿ. ಇವರನ್ನು ಕೆಡಿಸಿದ್ದು ದಲಾಲಿಯ ಹೊರೆಯೊಂದೇ ಅಲ್ಲ, ಅಲ್ಪಶುಲ್ಕದ ಬಾಗಿಲಿನಿಂದ ಹಾಯ್ದ ಆಶೆಯೂ ಹೌದು.

ಆದಕಾರಣ ದಲಾಲನನ್ನು ಆರಿಸುವವನು ಸೆಬಿಯ ನೋಂದಣಿಯನ್ನೂ ಸಮಸ್ತ ವೆಚ್ಚಗಳನ್ನೂ ಮೊದಲು ಪರೀಕ್ಷಿಸಲಿ. ಅನಂತರ ತನ್ನನ್ನೂ ಪರೀಕ್ಷಿಸಿಕೊಳ್ಳಲಿ. ಹಿಂದೆ ದುಬಾರಿ ದಲಾಲಿಯು ಒಡ್ಡುತ್ತಿದ್ದ ತಡೆಯನ್ನು ಇನ್ನು ಮನುಷ್ಯನ ಸಂಯಮವೇ ಒಡ್ಡಬೇಕಾಗಿದೆ.