ಲಾರಿಯ ಸ್ವದೇಶಿತನ ಎಲ್ಲಿದೆ?

ರಥವೆಂದರೆ ಯಾವುದು, ಗಾಲಿಯೇ, ಅಚ್ಚೇ, ನೊಗವೇ ಎಂದು ಬೌದ್ಧ ಭಿಕ್ಷು ನಾಗಸೇನ ಯವನ ದೊರೆ ಮಿಲಿಂದನನ್ನು ಕೇಳಿದ. ಒಂದೊಂದನ್ನೂ ಅಲ್ಲವೆನ್ನುತ್ತ ಹೋದ ದೊರೆ, ಇವೆಲ್ಲ ಕೂಡಿದಾಗ ನಾವು ಕರೆಯುವ ಹೆಸರಷ್ಟೇ ರಥ ಎಂದು ಕೊನೆಗೆ ಒಪ್ಪಿದ. ಅದೇ ಪ್ರಶ್ನೆ ಈಗ ಲಾರಿಯ ಬಗ್ಗೆ ಎದ್ದಿದೆ. 2021ರಲ್ಲಿ ಕೇಂದ್ರ ಸರ್ಕಾರ ವಾಹನೋದ್ಯಮಕ್ಕೆ 25,938 ಕೋಟಿ ರೂಪಾಯಿಯ ಉತ್ಪಾದನಾ ಪ್ರೋತ್ಸಾಹಧನ ಘೋಷಿಸಿ, ಕನಿಷ್ಠ ಶೇ 50ರಷ್ಟು ಮೌಲ್ಯ ದೇಶದೊಳಗೇ ಸೇರಿರಬೇಕೆಂಬ ಷರತ್ತು ಹಾಕಿತು. 2025ರಲ್ಲಿ ಪಿಎಂ ಇ–ಡ್ರೈವ್ ಯೋಜನೆಯಡಿ ಎಲೆಕ್ಟ್ರಿಕ್ ಲಾರಿಯೊಂದಕ್ಕೆ ಗರಿಷ್ಠ 9.6 ಲಕ್ಷ ರೂಪಾಯಿ ನೆರವು ಪ್ರಕಟವಾದಾಗಲೂ ದೇಶೀಯ ಬಿಡಿಭಾಗಗಳ ಷರತ್ತು ಬೆನ್ನಿಗೇ ಇತ್ತು. ಶೇ 49 ಆದರೆ ಪರದೇಶಿ, ಶೇ 50 ಆದರೆ ಸ್ವದೇಶಿ! ಈ ಗೆರೆ ಕಬ್ಬಿಣದಲ್ಲಿಲ್ಲ, ನಮ್ಮ ಒಡಂಬಡಿಕೆಯಲ್ಲಿದೆ.

ಹಾಗೆಂದು ಸ್ವದೇಶಿ ಬರೀ ಭ್ರಮೆಯಲ್ಲ. ರಥ ಹೆಸರಷ್ಟೇ ಎಂದು ದೊರೆಯನ್ನು ಒಪ್ಪಿಸಿದ ನಾಗಸೇನ ಆ ಹೆಸರನ್ನು ಸುಳ್ಳೆನ್ನಲಿಲ್ಲ. ವ್ಯವಹಾರಕ್ಕೆ ಅದು ಬೇಕು, ತೆರಿಗೆಯ ದುಡ್ಡು ಹಂಚುವಾಗಲಂತೂ ಎಲ್ಲೋ ಒಂದು ಗೆರೆ ಎಳೆಯಲೇಬೇಕು. ಬೌದ್ಧರನ್ನೊಪ್ಪದ ನ್ಯಾಯದರ್ಶನದ ನೈಯಾಯಿಕರು, ಅವಯವಗಳನ್ನು ಕೂಡಿಸಿದರೆ ಬರುವ ಮೊತ್ತವೇ ಇಡೀ ವಸ್ತುವಾದ ‘ಅವಯವಿ’ಯಲ್ಲ, ಅದು ಬೇರೆಯೇ ವಸ್ತು ಎಂದರು. ಶೇಕಡಾವಾರು ಲೆಕ್ಕ ಎಡವುವುದು ಇಲ್ಲಿಯೇ. ಅನೇಕ ಎಲೆಕ್ಟ್ರಿಕ್ ಮೋಟರುಗಳ ತಿರುಗುವ ಭಾಗದಲ್ಲಿ ನಿಯೋಡಿಮಿಯಂ ಕಾಂತದ ಪುಟ್ಟ ತುಂಡುಗಳಿರುತ್ತವೆ. ಲಾರಿಯ ಬೆಲೆಯಲ್ಲಿ ಅವುಗಳ ಪಾಲು ಅತ್ಯಲ್ಪ. 2025ರ ಏಪ್ರಿಲ್‌ನಲ್ಲಿ ಚೀನಾ ಇಂಥ ಕಾಂತಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿದಾಗ ನಮ್ಮ ವಾಹನೋದ್ಯಮ ಕಂಗಾಲಾಯಿತು. ಚಾಸಿ, ಆಕ್ಸಲ್, ಕ್ಯಾಬಿನ್ ಎಲ್ಲ ಇಲ್ಲಿಯವೇ ಆದರೂ ಕಾಂತವಿಲ್ಲದೆ ಆ ಮೋಟರು ತಿರುಗದು. ಬೆಲೆಯ ತಕ್ಕಡಿಗೆ ಅವಲಂಬನೆಯ ತೂಕ ಸಿಗುವುದಿಲ್ಲ.

ವಸುಧೆಯೇ ಕುಟುಂಬವೆನ್ನುವವರು, ಬೇರೆ ದೇಶದ ಕಾರ್ಮಿಕನ ಬೆವರು ಕೀಳೇ ಎಂದು ಕೇಳಬಹುದು. ಕೀಳಲ್ಲ. ಆದರೆ ನೆರವಿನ ಹಣ ಈ ನೆಲದ ಜನರಿಂದ ಪಡೆದದ್ದು, ಋಣ ಮೊದಲು ತೀರಬೇಕಾದದ್ದೂ ಅವರಿಗೇ. ಡೀಸೆಲ್ ಹೊಗೆ ತಗ್ಗಿದರೆ ಸಾಕು, ಬಿಡಿಭಾಗ ಎಲ್ಲಿಯದಾದರೇನು ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಅದಕ್ಕೆಂದೇ ಪಿಎಂ ಇ–ಡ್ರೈವ್ ಯೋಜನೆ ಹಳೆಯ ಲಾರಿಯನ್ನು ಗುಜರಿಗೆ ಹಾಕಿದ ಪ್ರಮಾಣಪತ್ರವನ್ನೂ ಕೇಳುತ್ತದೆ. ಶುದ್ಧ ಗಾಳಿ ಒಂದು ಗುರಿ, ಕಸುಬಿನ ಬಲ ಇನ್ನೊಂದು. ಒಂದರ ಹೆಸರಿನಲ್ಲಿ ಇನ್ನೊಂದನ್ನು ಬಿಟ್ಟುಕೊಡಬೇಕಿಲ್ಲ. ಆದ್ದರಿಂದ ಷರತ್ತು ಇರಲಿ, ಅಳತೆ ಬದಲಾಗಲಿ. ಎಷ್ಟು ರೂಪಾಯಿಯ ಬಿಡಿಭಾಗ ಇಲ್ಲಿ ಕೊಂಡಿರಿ ಎಂದು ಕೇಳುವ ಸರ್ಕಾರ, ಯಾವ ಭಾಗ ಬಾರದೆ ಹೋದರೆ ನಿಮ್ಮ ಲಾರಿ ನಿಲ್ಲುತ್ತದೆ, ಅದನ್ನು ಇಲ್ಲಿ ಮಾಡಬಲ್ಲವರು ಯಾರು ಎಂದೂ ಕೇಳಬೇಕು.